ತುಪ್ಪ ಬೇಡ ಅಂದಿದ್ದಕ್ಕೆ

ಭಾನುವಾರ ಬೆಳಿಗ್ಗೆ ತಿಪಟೂರು ಮಾವ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಅದು ಎಷ್ಟು ಕೈ ದಾಟಿ ಬಂದಿತ್ತೋ, ಮೇಲೆ ಎರಡು ಬಾಣ. ಸಾರ ಇಷ್ಟು: ಜರ್ಮನಿಯಲ್ಲಿ ಓದುವ ಮಕ್ಕಳ ತಂದೆತಾಯಿಗೆ ಇನ್ನು ಮೇಲೆ 180 ದಿನದ ವೀಸಾ, ಇನ್ಶೂರೆನ್ಸ್ ಬೇಡ, ತುಪ್ಪವನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದರೆ ಯಾರೂ ಕೇಳುವುದಿಲ್ಲ. ಕೊನೆಗೆ ಐದು ಕೈಮುಗಿಯುವ ಚಿತ್ರ.

ನನ್ನ ತಮ್ಮ ಓದಲು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ಒಂದೂವರೆ ವರ್ಷದ ಹತ್ತಿರ ಆಯಿತು. ಅಮ್ಮ ಅವನನ್ನು ನೋಡಲು ಹೋಗುವ ಮಾತು ದೀಪಾವಳಿಯಿಂದ ನಡೆದಿತ್ತು. ಮುಂದಿನ ಹೆಸರುಗಳೆಲ್ಲ ನನ್ನ ಫೋನಿನಲ್ಲಿ ಇರುವ ಹಾಗೇ ಇವೆ.

ತಿಪಟೂರು ಮಾವ: ಅಕ್ಕ, ನೋಡಿದೆಯಾ? ಆರು ತಿಂಗಳು! ಆರಾಮಾಗಿ ಇದ್ದು ಬಾ.

ಗುಬ್ಬಿ ಚಿಕ್ಕಮ್ಮ: ನಾನು ಐದು ಕೆ.ಜಿ. ತುಪ್ಪ ಕಾಸಿಟ್ಟಿದ್ದೇನೆ. ಹುಡುಗ ಫೋಟೋದಲ್ಲಿ ಮೂಳೆ ಚಕ್ಕಳ ಆಗಿದ್ದಾನೆ.

ತಮ್ಮ: ಮಾವ, ಇದು ಸುಳ್ಳು. ಯಾವುದೇ 180 ದಿನದೊಳಗೆ ಒಟ್ಟು 90 ದಿನ ಇರಬಹುದು, ಅಷ್ಟೇ. ಅದೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳೆಲ್ಲ ಸೇರಿ. ಆ 180 ನೋಡಿ ಯಾರೋ ಆರು ತಿಂಗಳು ಮಾಡಿದ್ದಾರೆ. ಇನ್ಶೂರೆನ್ಸ್ ಬೇಕೇ ಬೇಕು, ಕನಿಷ್ಠ 30,000 ಯೂರೋದ್ದು. ವೀಸಾ ಫೀಸು 90 ಯೂರೋ. ವೀಸಾ ಕೊಡದಿದ್ದರೂ ಅದು ವಾಪಸ್ ಬರಲ್ಲ.

ತಿಪಟೂರು ಮಾವ: ಇದನ್ನು ಕಳಿಸಿದವರು ಲಾಯರ್ರು ಕಣಪ್ಪ.

ತಮ್ಮ: ಯಾವ ಲಾಯರ್ರು?

ತಿಪಟೂರು ಮಾವ: ನಮ್ಮ ವಾಕಿಂಗ್ ಗುಂಪಿನವರು.

ಇಲ್ಲಿ ನಾನು ಬಾಯಿ ಹಾಕಬಾರದಿತ್ತು. ಹಾಕಿದೆ.

ನಾನು: ತುಪ್ಪದ ವಿಷಯ ಹೇಳು ಮೊದಲು.

ತಮ್ಮ: ಮಾಂಸ, ಹಾಲಿನ ಪದಾರ್ಥ ಎರಡನ್ನೂ ನಮ್ಮ ಕಡೆಯಿಂದ ತರುವ ಹಾಗಿಲ್ಲ. ತುಪ್ಪ, ಪೇಡ ಎಲ್ಲ ಅದರಲ್ಲೇ ಬರುತ್ತದೆ. ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆ, ದಂಡವೂ ಬೀಳಬಹುದು.

ಗುಬ್ಬಿ ಚಿಕ್ಕಮ್ಮ: ನಮ್ಮ ಎದುರು ಮನೆಯವರು ಮಗಳಿಗೆ ಎರಡು ಸಲ ತೆಗೆದುಕೊಂಡು ಹೋದರು. ಯಾರೂ ಕೇಳಲಿಲ್ಲ.

ತಮ್ಮ: ಅವರ ಅದೃಷ್ಟ ಚಿಕ್ಕಮ್ಮ. ಅಮ್ಮ ಮೊದಲ ಸಲ ವಿಮಾನ ಹತ್ತುತ್ತಿರುವುದು. ಅಲ್ಲಿ ಡಬ್ಬಿ ಹಿಡಿದು ನಿಲ್ಲಿಸಿಕೊಂಡರೆ ಅವರ ಹತ್ತಿರ ಯಾರು ಮಾತಾಡುತ್ತಾರೆ? ನೀವು ಬರುತ್ತೀರಾ?

ತಿಪಟೂರು ಮಾವ: ಹೋಗಲಿ, ಕೊಬ್ಬರಿ ಕಳಿಸುತ್ತೇನೆ. ತಿಪಟೂರು ಕೊಬ್ಬರಿ ಬೇಡ ಅನ್ನುವವರು ಯಾರಿದ್ದಾರೆ?

ತಮ್ಮ: ವಿಮಾನದವರು.

ಆಮೇಲೆ ಅವನೇ ಬಿಡಿಸಿ ಬರೆದ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯದ ಸರಕಿನ ಪಟ್ಟಿಗೆ ಸೇರಿಸಿದ್ದಾರಂತೆ. ಹಸಿ ತೆಂಗಿನಕಾಯಿಗೆ ಅಲ್ಲಿನ ಗಡಿಯಲ್ಲಿ ತಕರಾರಿಲ್ಲ. ತೆಂಗು, ಬಾಳೆ, ಅನಾನಸು, ಖರ್ಜೂರ, ಡ್ಯೂರಿಯನ್, ಈ ಐದಕ್ಕೆ ಮಾತ್ರ ರೋಗ, ಹುಳ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಡ. ಮಾವಿನಹಣ್ಣು, ಕರಿಬೇವು ಸುಮ್ನೆ ತರುವ ಹಾಗಿಲ್ಲ.

ಮಾವ ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಕೂತವರು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಒಂದು ಸಾಲು ಬಂತು: 'ವರ್ಷದ ಹತ್ತಿರ ಅಟ್ಟದ ಮೇಲೆ ಇಡುತ್ತೇವೆ. ಒಂದು ದಿನವೂ ಹೊತ್ತಿಕೊಂಡಿಲ್ಲ.'

ಶಿರಾ ದೊಡ್ಡಪ್ಪ: ಅದೆಲ್ಲ ಇರಲಿ. ಅಮ್ಮನನ್ನು ಎಷ್ಟು ದಿನಕ್ಕೆ ಕರೆಸುತ್ತಿದ್ದೀಯಪ್ಪಾ?

ತಮ್ಮ: ಮೂರು ವಾರ.

ಗುಬ್ಬಿ ಚಿಕ್ಕಮ್ಮ: ಹೆತ್ತವಳಿಗೆ ವಾರದ ಲೆಕ್ಕವಾ? 90 ದಿನ ಇರಬಹುದು ಅಂತ ನೀನೇ ಈಗ ಹೇಳಿದೆಯಲ್ಲ.

ತಮ್ಮ: ಕಾನೂನು ಇರಬಹುದು ಅನ್ನುತ್ತದೆ. ಎಲ್ಲಿ ಇರುವುದು? ನನ್ನದು ಹಾಸ್ಟೆಲಿನ 14 ಚದರ ಮೀಟರ್ ರೂಮು. ಒಂದೇ ಮಂಚ. ಫ್ರೆಂಡ್ ಒಬ್ಬ ಊರಿಗೆ ಹೋಗುತ್ತಾನೆ, ಅವನ ಮನೆ ಮೂರು ವಾರ ಸಿಗುತ್ತದೆ. ನಾನು ಬೆಳಿಗ್ಗೆ 8ಕ್ಕೆ ಹೊರಟರೆ ಕ್ಲಾಸು, ಕೆಲಸ ಮುಗಿಸಿ ಬರುವುದು ರಾತ್ರಿ. ಭಾನುವಾರ ಬಿಡುವು ಅಂದರೆ ಅವತ್ತು ಅಂಗಡಿಗಳೇ ಮುಚ್ಚಿರುತ್ತವೆ.

ಶಿರಾ ದೊಡ್ಡಪ್ಪ: ಓದಲು ಕಳಿಸಿದ್ದು ನಿನ್ನನ್ನು. ಕೆಲಸ ಯಾಕೆ?

ತಮ್ಮ: ವರ್ಷಕ್ಕೆ 140 ದಿನ ಕೆಲಸಕ್ಕೆ ಬಿಡುತ್ತಾರೆ ದೊಡ್ಡಪ್ಪ. ಬಾಡಿಗೆ ಅದರಲ್ಲೇ.

ಇದು ಅಪ್ಪನಿಗೂ ಗೊತ್ತಿರಲಿಲ್ಲ. ಅವನು ಹೋಗುವಾಗ ಬ್ಲಾಕ್ಡ್ ಅಕೌಂಟಿಗೆ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಗೆ, 11,904 ಯೂರೋ ಕಟ್ಟಿದ್ದೆವು. ತಿಂಗಳಿಗೆ 992ರಂತೆ ಒಂದು ವರ್ಷದ ಖರ್ಚು. ಆ ವರ್ಷ ಮುಗಿದು ತಿಂಗಳುಗಳಾಗಿವೆ ಅಂತ ನಮ್ಮಲ್ಲಿ ಒಬ್ಬರೂ ಲೆಕ್ಕ ಹಾಕಿರಲಿಲ್ಲ. ಅವನು ಕೇಳಲಿಲ್ಲ, ನಾವು ಕಳಿಸಲಿಲ್ಲ.

ಗುಬ್ಬಿ ಚಿಕ್ಕಮ್ಮ: ಅದಕ್ಕೇ ಹೇಳುವುದು. ಅಮ್ಮ ಇದ್ದರೆ ಊಟದ ಖರ್ಚಾದರೂ ಉಳಿಯುತ್ತದೆ, ಅಲ್ವಾ?

ತಮ್ಮ: ಅಮ್ಮನನ್ನು ಅಡುಗೆಗೆ ಕರೆಸುತ್ತಿಲ್ಲ ಚಿಕ್ಕಮ್ಮ.

ಗುಬ್ಬಿ ಚಿಕ್ಕಮ್ಮ: ಮತ್ತೆ ಇನ್ಯಾಕೆ?

ತಮ್ಮ ಏನೋ ಬರೆದು ಕಳಿಸಿದ, ತಕ್ಷಣ ಅಳಿಸಿದ. ನಾನು ನೋಡುವಷ್ಟರಲ್ಲಿ ಹೋಗಿತ್ತು. ಚಿಕ್ಕಮ್ಮನ ಮೇಲೆ ನನಗೆ ಕೋಪ ಬಂತು, ಆದರೆ ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮಕ್ಕಳ ಮನೆಗೆ ಹೋಗಿ ಸುಮ್ನೆ ಕೂತು ಬಂದ ಹೆಂಗಸರನ್ನು ಅವರು ಕಂಡಿಲ್ಲ. ಬಾಣಂತನಕ್ಕೆ ಹೋಗುತ್ತಾರೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗುತ್ತಾರೆ.

ಮಾತು ತಿರುಗಿಸಿದವರು ದೊಡ್ಡಪ್ಪ.

ಶಿರಾ ದೊಡ್ಡಪ್ಪ: ಕಾಗದ ಏನೇನು ಬೇಕು, ಅದನ್ನು ಹೇಳು.

ತಮ್ಮ: ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ ಇದ್ದರೆ ಅದು, ತೋಟದ ಪಹಣಿ. ವಾಪಸ್ ಊರಿಗೆ ಬರುತ್ತಾರೆ ಅಂತ ವೀಸಾ ಕೊಡುವವರಿಗೆ ನಂಬಿಕೆ ಬರಬೇಕು.

ಶಿರಾ ದೊಡ್ಡಪ್ಪ: ಪಹಣಿ ಇನ್ನೂ ನಿಮ್ಮ ತಾತನ ಹೆಸರಿನಲ್ಲೇ ಇದೆಯಲ್ಲೋ.

ಅದು ಬೇರೆ ಜಗಳ. ಅದಕ್ಕೆ ಬೇರೆ ಗುಂಪೇ ಇದೆ.

ಇಷ್ಟು ಹೊತ್ತೂ ಅಮ್ಮ ಎಲ್ಲವನ್ನೂ ಓದುತ್ತಿದ್ದಳು. ತುಮಕೂರಿನ ಮನೆಯಲ್ಲಿ ನನ್ನ ಎದುರಿಗೇ ಕೂತು ಅವರೆಕಾಳು ಹಿದುಕುತ್ತಿದ್ದಳು. ಫೋನು ಉಪ್ಪಿನ ಜಾಡಿಗೆ ಒರಗಿತ್ತು. ಬೆರಳು ಒದ್ದೆ, ಅದಕ್ಕೆ ಕಿರುಬೆರಳಲ್ಲಿ ಮೇಲೆ ಕೆಳಗೆ ಸರಿಸುತ್ತಿದ್ದಳು. ಪಹಣಿ ಮಾತು ಬಂದ ಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು.

ಅಮ್ಮ: ಮೂರು ವಾರ ಸಾಕು. ಅದಕ್ಕಿಂತ ಜಾಸ್ತಿ ತೋಟ ಬಿಟ್ಟಿರಲು ಆಗಲ್ಲ. ತುಪ್ಪ ಬೇಡ. ಅಲ್ಲಿ ಬೆಣ್ಣೆ ಸಿಗುತ್ತದಲ್ಲ, ಕಾಸುತ್ತೇನೆ.

ತಮ್ಮ: ಸಿಗುತ್ತದೆ ಅಮ್ಮ. ಕಾಲು ಕೆ.ಜಿ. ಪೊಟ್ಟಣ. ಆದರೆ ಹೊಗೆ ಬಂದರೆ ಅಲಾರಾಂ ಹೊಡೆದುಕೊಳ್ಳುತ್ತದೆ.

ಅಮ್ಮ: ತುಪ್ಪ ಕಾಸಿದರೆ ಹೊಗೆ ಯಾಕೆ ಬರುತ್ತದೆ? ಬಂದರೆ ಸೀದಿದೆ ಅಂತ ಅರ್ಥ. ವೀಳ್ಯದೆಲೆ ಸಿಗುತ್ತದಾ ಅಲ್ಲಿ?

ತಿಪಟೂರು ಮಾವ: ಅಕ್ಕ, ತೆಂಗಿನಕಾಯಿ ಎರಡು ಸಾಕಾ, ನಾಲ್ಕು ಹಾಕಲಾ?