ಸಹಾಯ ಬೇಕು: ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಲಿಬರೇಟರ್ ವಿಮಾನದ ತಗಡು

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಎಚ್‌ಎಎಲ್‌ನಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಆಗ ಅದು ಹಿಂದೂಸ್ತಾನ್ ಏರ್‌ಕ್ರಾಫ್ಟ್.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಬಿಟ್ಟು ಹೋದರು. ಸುಮ್ನೆ ಬಿಡಲಿಲ್ಲ, ಮತ್ತೆ ಹಾರದ ಹಾಗೆ ಬೇಕಂತಲೇ ಹಾಳು ಮಾಡಿದ್ದರು. ಎಚ್‌ಎಎಲ್‌ನವರು ಅವಕ್ಕೆ ಹಾರುವಷ್ಟು ಮಾತ್ರ ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಇಲ್ಲಿ ಸರಿಯಾಗಿ ಕಟ್ಟಿದರು. ಹೀಗೆ 1948ರಲ್ಲಿ ವಾಯುಪಡೆಗೆ ಸೇರಿದ ವಿಮಾನಗಳು 1968ರವರೆಗೂ ಸೇವೆಯಲ್ಲಿದ್ದವು. ಗುಜರಿಗೆ ಹೋಗಬೇಕಿದ್ದ ವಿಮಾನಗಳು 20 ವರ್ಷ! ಅದರಲ್ಲಿ ಒಂದು ಈಗ ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನಲ್ಲಿದೆ.

ಮೊನ್ನೆ ತಾತನ ಪೆಟ್ಟಿಗೆಯಲ್ಲಿ ಅಂಗೈ ಅಗಲದ ಒಂದು ತಗಡು, ಒಂದು ನೋಟ್‌ಬುಕ್ ಸಿಕ್ಕಿತು. ನೋಟ್‌ಬುಕ್‌ನಲ್ಲಿ ರಿವೆಟ್, ಅಂದರೆ ತಗಡು ಜೋಡಿಸುವ ಮೊಳೆಗಳ ಅಳತೆಗಳೆಲ್ಲ ಕನ್ನಡ ಅಂಕಿಯಲ್ಲೇ ಇವೆ. ಹೊರಗಿನಿಂದ ಒಬ್ಬರು ರಿವೆಟ್ ಹೊಡೆಯುವ ಗನ್ ಹಿಡಿದು ಹೊಡೆದರೆ, ಒಳಗೆ ಇನ್ನೊಬ್ಬರು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕಿತ್ತಂತೆ. ತಾತ ಒಳಗೆ ಕೂರುವವರು. ಕೊನೆಗಾಲದಲ್ಲಿ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ತಗಡಿನ ರಿವೆಟ್ ಸುತ್ತ ಬಿಳಿ ಪುಡಿ ಕಟ್ಟಿದೆ. ಸೋಪಿನ ಪುಡಿ ಹಾಕಿ ಉಜ್ಜು ಅಂತಾರೆ ಅಮ್ಮ. ನನಗೆ ಧೈರ್ಯ ಇಲ್ಲ. ಇಂಥ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತದೆ, ಉಜ್ಜಿದರೆ ಅದೇ ಹೋಗುತ್ತದೆ ಅಲ್ವಾ? ಹಳೆಯ ವಿಮಾನದ ಲೋಹ ಕಾಪಾಡುವುದು ಗೊತ್ತಿರುವವರು ದಯವಿಟ್ಟು ತಿಳಿಸಿ.

ನಿಮ್ಮ ಮನೆಯಲ್ಲೂ ಆ ಕಾಲದ ಕೆಲಸಗಾರರಿದ್ದರೆ, ಅವರ ಫೋಟೋ, ನೆನಪು ಏನಿದ್ದರೂ ಹೇಳಿ. ಬೆಂಗಳೂರಿನ ವಿಮಾನಪುರದ ಸುತ್ತಮುತ್ತ ಎಲ್ಲಿಗಾದರೂ ನಾನೇ ಬರುತ್ತೇನೆ.