ಅಮೆರಿಕದ ಪಾನನಿಷೇಧ: ಸರ್ಕಾರವೇ ವಿಷ ಹಾಕಿಸಿತ್ತಾ?

ಪ್ರಶ್ನೆ: ಸರ್, ನೀವು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇದ್ದವರು ಅಂತ ಕೇಳ್ತಿದ್ದೀನಿ. ಪಾನನಿಷೇಧದ ಕಾಲದಲ್ಲಿ ಅಮೆರಿಕ ಸರ್ಕಾರ ಜನ ಕುಡಿಯೋ ಮದ್ಯಕ್ಕೆ ವಿಷ ಬೆರೆಸಿತ್ತು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ, ಬುರುಡೆನಾ?

ಉತ್ತರ: ಮುಕ್ಕಾಲು ನಿಜ. ಬೆರೆಸಿದ್ದು ಮದ್ಯಕ್ಕಲ್ಲ, ಕಾರ್ಖಾನೆ ಸ್ಪಿರಿಟ್‌ಗೆ. ಬಣ್ಣ, ವಾರ್ನಿಷ್ ಮಾಡಲು ಬಳಸುವ ಸ್ಪಿರಿಟ್‌ಗೆ ಅಲ್ಲಿ 1906ರಿಂದ ತೆರಿಗೆ ಇರಲಿಲ್ಲ. ಯಾರೂ ಕುಡಿಯದ ಹಾಗೆ ಕೆಡಿಸಿ ಮಾರಬೇಕು ಅನ್ನುವುದೇ ಷರತ್ತು. ನಮ್ಮಲ್ಲಿ ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದರಲ್ಲ, ಹಾಗೆ. ಬಣ್ಣದಿಂದ ಯಾರೂ ಸಾಯಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

1920ರ ಜನವರಿ 17ಕ್ಕೆ ನಿಷೇಧ ಜಾರಿಯಾದ ಮೇಲೆ ಕಳ್ಳದಂಧೆಯವರು ಈ ಸ್ಪಿರಿಟ್ ಕದ್ದು, ರಸಾಯನಶಾಸ್ತ್ರ ಬಲ್ಲವರನ್ನು ಸಂಬಳಕ್ಕಿಟ್ಟು ಕುಡಿಯುವಂತೆ ಮಾಡಿಸಿದರು. ಸರ್ಕಾರ ಸುಮ್ಮನಿರದೆ, ಸ್ಪಿರಿಟ್ ಕೆಡಿಸಲು ಹಾಕುತ್ತಿದ್ದ ಮೆಥನಾಲ್ ಎಂಬ ವಿಷದ ಪ್ರಮಾಣ ಏರಿಸಿತು. ಮೆಥನಾಲ್ ಮತ್ತು ಕುಡಿಯುವ ಮದ್ಯದಲ್ಲಿರುವ ಎಥನಾಲ್ ಎರಡನ್ನೂ ಪೂರ್ತಿ ಬೇರ್ಪಡಿಸುವುದು ಹಿತ್ತಲ ಭಟ್ಟಿಯಲ್ಲಿ ಆಗುವ ಕೆಲಸವಲ್ಲ. 1926ರ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕಿನ ಆಸ್ಪತ್ರೆಗಳಿಗೆ ಕಣ್ಣು ಕಾಣದವರು, ಸಾಯುತ್ತಿರುವವರು ಬರತೊಡಗಿದರು. ಊರಿನ ಮುಖ್ಯ ಶವಪರೀಕ್ಷಾಧಿಕಾರಿ ಚಾರ್ಲ್ಸ್ ನಾರಿಸ್ ಸರ್ಕಾರವನ್ನೇ ಬಹಿರಂಗವಾಗಿ ದೂರಿದರು. ಸರ್ಕಾರಿ ನೌಕರಿಯಲ್ಲಿದ್ದ ನನಗೆ ಆ ಧೈರ್ಯದ ಬೆಲೆ ಗೊತ್ತು.

ಪ್ರಶ್ನೆ: ವಿಷ ಅಂತ ಗೊತ್ತಿದ್ದೂ ಯಾಕೆ ಕುಡಿದ್ರು ಸರ್?

ಉತ್ತರ: ಕುಡಿದಾಗ ಗೊತ್ತಾಗುವುದಿಲ್ಲ, ಅದೇ ಕಷ್ಟ. ಮೆಥನಾಲಿಗೂ ಮತ್ತಿದೆ. ಗಂಟೆಗಳು ಕಳೆದಂತೆ ಲಿವರ್ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ, ಮಲೆನಾಡಿನ ಚಗಳಿ ಇರುವೆ ಸಿಡಿಸುವ ಅದೇ ಆಮ್ಲ. ಮೊದಲ ಪೆಟ್ಟು ಕಣ್ಣಿನ ನರಕ್ಕೆ.

ಉಳ್ಳವರಿಗೆ ಈ ಪಾಡಿರಲಿಲ್ಲ. ಕಾನೂನು ತಡೆದದ್ದು ತಯಾರಿಕೆ, ಮಾರಾಟ, ಸಾಗಾಟವನ್ನು, ಕುಡಿಯುವುದನ್ನಲ್ಲ. ನಿಷೇಧಕ್ಕೆ ಮೊದಲೇ ನೆಲಮಾಳಿಗೆ ತುಂಬಿಸಿಕೊಂಡವರು ಮನೆಯಲ್ಲಿ ಕೂತು ಕುಡಿದರು. ಡಾಕ್ಟರ ಚೀಟಿ ಇದ್ದರೆ ಔಷಧದಂಗಡಿಯಲ್ಲೇ ವಿಸ್ಕಿ! ಬಡವರಿಗೆ ಸಿಕ್ಕಿದ್ದು ‘ಜೇಕ್’, ಅಂದರೆ ಮದ್ಯಸಾರ ತುಂಬಿದ ಜಮೈಕಾ ಶುಂಠಿಯ ಅರಕು. ಸರ್ಕಾರಿ ತಪಾಸಣೆಯಲ್ಲಿ ಪಾಸಾಗಲಿ ಅಂತ ಅದಕ್ಕೆ ಪ್ಲಾಸ್ಟಿಕ್ ಉದ್ಯಮದ ಒಂದು ರಾಸಾಯನಿಕ ಸೇರಿಸಿದರು. 1930ರಲ್ಲಿ ಸಾವಿರಾರು ಜನರ ಕಾಲು ಬಿದ್ದುಹೋಯಿತು. ಪಾದ ಎತ್ತಲಾಗದೆ ಟಪ್ ಟಪ್ ಎಂದು ನೆಲಕ್ಕೆ ಬಡಿಯುತ್ತ ನಡೆಯುತ್ತಿದ್ದರು.

ಇನ್ನೊಬ್ಬರು: ಆದ್ರೂ ಕುಡಿತ ಕಮ್ಮಿಯಾಗಿತ್ತಲ್ವಾ? ನಿಷೇಧ ಪೂರ್ತಿ ಸೋತಿತು ಅನ್ನೋದು ಕುಡುಕರ ವಾದ.

ಉತ್ತರ: ಕಮ್ಮಿಯಾಗಿತ್ತು, ಒಪ್ಪುತ್ತೇನೆ. ಮೊದಲ ವರ್ಷಗಳಲ್ಲಿ ಸಿರೋಸಿಸ್ ಎಂಬ ಲಿವರ್ ಕಾಯಿಲೆಯ ಸಾವುಗಳೂ ಕಡಿಮೆಯಿದ್ದವು. ಆಮೇಲೆ ಕುಡಿತ ಮತ್ತೆ ಏರಿತು, ಅಷ್ಟರಲ್ಲಿ ವ್ಯಾಪಾರ ಷಿಕಾಗೋದ ಭೂಗತ ದೊರೆ ಅಲ್ ಕಪೋನ್‌ನಂಥವರ ಕೈ ಸೇರಿತ್ತು. ಕೊನೆಗೆ ಅವನು ಸಿಕ್ಕಿಬಿದ್ದದ್ದು 1931ರಲ್ಲಿ, ಆದಾಯ ತೆರಿಗೆ ವಂಚನೆಗೆ. ಆರ್ಥಿಕ ಕುಸಿತದಲ್ಲಿ ಸರ್ಕಾರಕ್ಕೂ ತೆರಿಗೆ ದುಡ್ಡು ಬೇಕಾಯಿತು. 1933ರ ಡಿಸೆಂಬರ್ 5ಕ್ಕೆ ನಿಷೇಧ ಮುಗಿಯಿತು. ಹಾಗಂತ ಎಲ್ಲ ತಪ್ಪನ್ನೂ ನಿಷೇಧದ ತಲೆಗೆ ಕಟ್ಟುವುದಿಲ್ಲ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಇಲ್ಲಿ ನಿಷೇಧ ಇರಲಿಲ್ಲ.

ಪ್ರಶ್ನೆ: ಮೆಥನಾಲ್‌ಗೆ ಔಷಧ ಇದೆಯಾ?

ಉತ್ತರ: ಇದೆ, ನಗಬೇಡಿ, ಎಥನಾಲೇ ಒಂದು ಔಷಧ. ಅದು ಸಿಕ್ಕರೆ ಲಿವರ್ ಮೆಥನಾಲನ್ನು ಮುಟ್ಟುವುದು ನಿಧಾನವಾಗುತ್ತದೆ, ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ಹೊರಹಾಕಬಹುದು. ಫೋಮೆಪಿಜೋಲ್ ಎಂಬ ಇನ್ನೊಂದೂ ಇದೆ. ಆದರೆ ಮನೆಯಲ್ಲಿ ಪೆಗ್ ಹಾಕಿಕೊಡಲು ಹೋಗಬೇಡಿ. ಕಣ್ಣು ಮಂಜು ಅಂದ ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ.