ಕಂಟ್ರೋಲ್ ಆಂಟಿಬಾಡಿ ಹಾಕಿದರೂ ಮಲೇರಿಯಾ ಪರಾವಲಂಬಿ ಸಾಯುತ್ತಿದೆ, ಯಾಕೆ?

ಕೋಡಿಬಾಗ್ ಹುಡುಗಿ:
ಕಾರವಾರದಲ್ಲಿ ಮಲೇರಿಯಾ ಪರಾವಲಂಬಿ ಫಾಲ್ಸಿಪಾರಮ್ ಬೆಳೆಸುತ್ತಿದ್ದೇನೆ, ಕ್ಯಾಂಡಲ್ ಜಾರ್‌ನಲ್ಲಿ (ಮೇಣದಬತ್ತಿ ಉರಿಸಿ ಆಮ್ಲಜನಕ ತಗ್ಗಿಸಿದ ಮುಚ್ಚಿದ ಜಾಡಿ). ಪರಾವಲಂಬಿಯ ಆರ್‌ಎಚ್5 ಪ್ರೋಟೀನು ಕೆಂಪು ರಕ್ತಕಣದ ಮೇಲಿನ ಬೇಸಿಜಿನ್ ಪ್ರೋಟೀನನ್ನು ಹಿಡಿದುಕೊಂಡೇ ಒಳಗೆ ನುಗ್ಗುವುದಲ್ವಾ? ಬೇಸಿಜಿನ್‌ಗೆ ಆಂಟಿಬಾಡಿ ಅಂಟಿಸಿದರೆ ಎಷ್ಟು ತಡೆಯಾಗುತ್ತದೆ ಅಂತ ನೋಡಿದೆ. 48 ಗಂಟೆ ಬಿಟ್ಟು ಎಣಿಸಿದರೆ ಶೇ. 90 ತಡೆ! ಆದರೆ ಯಾವುದಕ್ಕೂ ಅಂಟದ ಕಂಟ್ರೋಲ್ ಆಂಟಿಬಾಡಿಯಲ್ಲೂ ಅಷ್ಟೇ. ಏನೂ ಹಾಕದ ವೆಲ್ (ಪ್ಲೇಟಿನ ಗುಳಿ) ಚೆನ್ನಾಗಿದೆ. ಮಳೆಗೆ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿತ್ತು, ಅದಕ್ಕಾ?

ಕುಮಟಾದಿಂದ:
ಆಂಟಿಬಾಡಿ ಸೀರಮ್ ರೂಪದಲ್ಲಿದ್ದರೆ, ಅದರಲ್ಲಿನ ಕಣ ಕೊಲ್ಲುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಕೆಡಲಿ ಅಂತ 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟಿದ್ದೀರಾ?

ಕೋಡಿಬಾಗ್ ಹುಡುಗಿ:
ಸೀರಮ್ ಅಲ್ಲ, ಶುದ್ಧ ಮಾಡಿದ ಆಂಟಿಬಾಡಿ, ಕೊಂಡಿದ್ದು.

ಶಿರಸಿ ಮಳೆ:
ಕರೆಂಟನ್ನು ಬೈಯಬೇಡ ತಂಗಿ. ಅದಾಗಿದ್ದರೆ ಖಾಲಿ ವೆಲ್ಲೂ ಹಾಳಾಗುತ್ತಿತ್ತು. ಎಣಿಕೆ ಬದಿಗಿಟ್ಟು ಗೀಮ್ಸಾ ಬಣ್ಣ ಹಾಕಿದ ಸ್ಲೈಡ್ ಇನ್ನೊಮ್ಮೆ ನೋಡು. ಒಳನುಗ್ಗುವುದು ಮಾತ್ರ ನಿಂತಿದ್ದರೆ ಹಳೆಯ ಸೈಝಾಂಟ್‌ಗಳು (ಬಲಿತು ಮರಿ ತುಂಬಿದ ಪರಾವಲಂಬಿ) ಒಡೆದಿರುತ್ತವೆ, ಹೊಸ ರಿಂಗ್ (ಆಗಷ್ಟೇ ಒಳನುಗ್ಗಿದ ಉಂಗುರದಂಥ ಎಳೆಯ ಪರಾವಲಂಬಿ) ಕಡಿಮೆ ಇರುತ್ತವೆ. ವಿಷ ತಗುಲಿದ್ದರೆ ರಕ್ತಕಣದೊಳಗೇ ಮುದುಡಿದ ಕಪ್ಪು ಚುಕ್ಕೆ. ಆಂಟಿಬಾಡಿ ಸೀಸೆಯ ಮೇಲೆ ಅಜೈಡ್ (ಕೆಡದಂತೆ ಹಾಕುವ ಸೋಡಿಯಂ ಅಜೈಡ್) ಅಂತ ಬರೆದಿದೆಯಾ?

ಕೋಡಿಬಾಗ್ ಹುಡುಗಿ:
ಅಯ್ಯೋ, ಇದೆ. ಸಣ್ಣ ಅಕ್ಷರದಲ್ಲಿ, 0.1%. ಎರಡೂ ಸೀಸೆಯಲ್ಲಿ. ಹತ್ತರಲ್ಲಿ ಒಂದು ಪಾಲು ಹಾಕಿದ್ದೆ. ಸ್ಲೈಡ್ ತುಂಬಾ ಕಪ್ಪು ಚುಕ್ಕೆಗಳೇ.

ಶಿರಸಿ ಮಳೆ:
ಹಾಗಾದರೆ ವೆಲ್‌ನಲ್ಲಿ 0.01%, ಸುಮಾರು 1.5 ಮಿಲಿಮೋಲಾರ್. ಸೀಸೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಹಾಕಿದ್ದು ನಿನ್ನ ಪರಾವಲಂಬಿಯನ್ನೂ ಕೊಂದಿದೆ. ಡಯಾಲಿಸಿಸ್ ಮಾಡು, ಅಂದರೆ ಸಣ್ಣ ಅಣುಗಳಷ್ಟೇ ನುಸುಳುವ ಪೊರೆಯ ಚೀಲದಲ್ಲಿ ಹಾಕಿ ದ್ರಾವಣದಲ್ಲಿ ಮುಳುಗಿಸು. 10 ಕಿಲೋಡಾಲ್ಟನ್ ಚೀಲ ಸಾಕು: ಅಜೈಡ್ 65 ಡಾಲ್ಟನ್, ಹೊರಗೆ ಹೋಗುತ್ತದೆ. ಆಂಟಿಬಾಡಿ ಒಂದೂವರೆ ಲಕ್ಷ, ಉಳಿಯುತ್ತದೆ. ಹೊರಗಿನ ತಣ್ಣನೆ ಪಿಬಿಎಸ್ (ಫಾಸ್ಫೇಟ್ ಬಫರ್ ಉಪ್ಪುನೀರು) ಮೂರು ಸಲ ಬದಲಿಸು, ಆಮೇಲೆ ಪ್ರೋಟೀನ್ ಮತ್ತೆ ಅಳೆ. ಫ್ರಿಜ್ ನಂಬಬೇಡ, ಮೀನು ಪೇಟೆಯ ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ತುಂಬಿದರೆ ರಾತ್ರಿ ಕಳೆಯುತ್ತದೆ. (ವಾಸನೆ ನಿನ್ನ ಹಣೆಬರಹ.) ಬರೀ ಅಜೈಡ್ ಹಾಕಿದ ಒಂದು ವೆಲ್ಲೂ ಇರಲಿ. ಸೀಸೆಯಲ್ಲಿ ಉಳಿದ ಅಜೈಡನ್ನು ಮಾತ್ರ ಸಿಂಕಿಗೆ ಸುರಿಯಬೇಡ, ತಾಮ್ರ, ಸೀಸದ ಪೈಪಿನಲ್ಲಿ ಸಿಡಿಯುವ ಲವಣ ಕೂರುತ್ತದೆ.

ಇನ್ನೊಂದು. ಸೈಝಾಂಟ್ ಒಡೆದು ಹೊರಬಂದ ಮೆರೊಝೊಯಿಟ್‌ಗೆ (ಮರಿ ಪರಾವಲಂಬಿ) ಕೆಲವೇ ನಿಮಿಷ ಹೊಸ ರಕ್ತಕಣಕ್ಕೆ ನುಗ್ಗುವ ಶಕ್ತಿ ಇರುತ್ತದೆ. ಸೈಝಾಂಟ್ ಒಡೆಯುವ ಮೊದಲೇ ಆಂಟಿಬಾಡಿ ವೆಲ್‌ನಲ್ಲಿರಬೇಕು.

ಕೋಡಿಬಾಗ್ ಹುಡುಗಿ (ಒಂದು ವಾರದ ನಂತರ):
ಅಣ್ಣಾ, ಕಂಟ್ರೋಲ್ ವೆಲ್ ತುಂಬಾ ರಿಂಗ್! ಬರೀ ಅಜೈಡ್ ವೆಲ್‌ನಲ್ಲಿ ಅದೇ ಕಪ್ಪು ಚುಕ್ಕೆ. ಬೇಸಿಜಿನ್ ಆಂಟಿಬಾಡಿಯಲ್ಲಿ ರಿಂಗ್ ಹುಡುಕಿ ಹುಡುಕಿ ಎಣಿಸಬೇಕು. ಪೆಟ್ಟಿಗೆಯ ಬಂಗುಡೆ ವಾಸನೆ ಮಾತ್ರ ಇನ್ನೂ ಹೋಗಿಲ್ಲ.